ಸನದು ಮತ್ತು ಸೇವೆ

ವೈದ್ಯನು ಒಮ್ಮೆ ಪರೀಕ್ಷೆಯಲ್ಲಿ ತೇರ್ಗಡೆಹೊಂದಿ ಪಡೆದ ಸನದು ಅವನ ಆಯುಷ್ಯದುದ್ದಕ್ಕೂ ಸಾಕೇ, ಅಥವಾ ಅದನ್ನು ಕಾಲಕಾಲಕ್ಕೆ ಉಳಿಸಿಕೊಳ್ಳುವ ಹೊಣೆಯು ಅವನ ಮೇಲಿರಬೇಕೇ ಎಂಬ ಪ್ರಶ್ನೆಯು ಅಮೇರಿಕೆಯಲ್ಲಿ ಬಹುಕಾಲದಿಂದ ವಾದಗ್ರಸ್ತವಾಗಿದೆ. ವಾದವು ಅಲ್ಲಿಯ ವೈದ್ಯರದಾದರೂ ಅದರ ತಿರುಳು ಎಲ್ಲ ದೇಶಗಳ ರೋಗಿಗಳಿಗೂ ಸಂಬಂಧಪಟ್ಟುದು. ಆದುದರಿಂದ ನಮ್ಮ ವಾಚಕರು ಇದನ್ನು ಲಕ್ಷ್ಯವಿಟ್ಟು ವಿಚಾರಿಸಬೇಕೆಂದು ನಾವು ಬಯಸುತ್ತೇವೆ.

ಅಲ್ಲಿ ವೃತ್ತಿ ನಡೆಸುವ ಪರವಾನಗಿಯನ್ನು ಕೊಡುವವು ಆಯಾ ಸಂಸ್ಥಾನಗಳ ಮಂಡಲಿಗಳು. ತಜ್ಞನೆಂಬ ಸನದನ್ನು ಕೊಡುವವು ವೈದ್ಯರೇ ಕಟ್ಟಿಕೊಂಡ ಬೇರೆ ಮಂಡಲಿಗಳು. ನೇತ್ರವೈದ್ಯರ ಮಂಡಲಿಯು 1917ರಲ್ಲಿ ಮೊದಲಾಗಿ ಸ್ಥಾಪಿತವಾಯಿತು. ಇಂದು ತಜ್ಞಮಂಡಲಿಗಳ ಒಕ್ಕೂಟದಲ್ಲಿ 24 ಮಂಡಲಿಗಳಿವೆ. ಕಾನೂನು ಈ ಸನದನ್ನು ಕಡ್ಡಾಯಮಾಡದಿದ್ದರೂ ಅದಿಲ್ಲದವನಿಗೆ ಅನೇಕ ಆಸ್ಪತ್ರೆಗಳ ಬಾಗಿಲು ಮುಚ್ಚಿಯೇ ಇರುತ್ತದೆ. ಮೊದಲು ಸನದು ಆಜೀವವಾಗಿತ್ತು. 1969ರಲ್ಲಿ ಹುಟ್ಟಿದ ಕುಟುಂಬವೈದ್ಯರ ಮಂಡಲಿಯು ಅದಕ್ಕೆ ಅವಧಿಯನ್ನು ಗೊತ್ತುಪಡಿಸಿತು. 2000ದಲ್ಲಿ ಎಲ್ಲ ಮಂಡಲಿಗಳೂ ಒಡಂಬಟ್ಟು ಸನದನ್ನು ಉಳಿಸಿಕೊಳ್ಳುವುದಕ್ಕೆ ನಾಲ್ಕು ಅಂಗಗಳನ್ನು ವಿಧಿಸಿದವು: ಕಳಂಕವಿಲ್ಲದ ಪರವಾನಗಿ, ನಿರಂತರ ಅಧ್ಯಯನ, ಪರೀಕ್ಷೆ, ಮತ್ತು ತನ್ನ ಚಿಕಿತ್ಸೆಯ ಗುಣವನ್ನು ತಾನೇ ಅಳೆದು ಉತ್ತಮಪಡಿಸುವ ಕಾರ್ಯ.

ಈ ನಾಲ್ಕನೆಯ ಅಂಗವೇ ಎಲ್ಲಕ್ಕೂ ಮಿಗಿಲಾದುದೆಂದು ನಮ್ಮ ಅಭಿಪ್ರಾಯ. ಪರೀಕ್ಷೆಯು ವೈದ್ಯನಿಗೆ ಏನು ಗೊತ್ತಿದೆಯೆಂದು ಕೇಳುತ್ತದೆ. ಇದು ರೋಗಿಗೆ ಏನಾಯಿತೆಂದು ಕೇಳುತ್ತದೆ. ಇವೆರಡರ ನಡುವೆ ಎಷ್ಟು ಅಂತರವಿರಬಹುದೆಂಬುದಕ್ಕೆ ಮಿಷಿಗನ್ ಸಂಸ್ಥಾನದ ನಿದರ್ಶನವೊಂದೇ ಸಾಕು. ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ಅವರ ನೇತೃತ್ವದಲ್ಲಿ ಅಲ್ಲಿಯ 103 ತೀವ್ರನಿಗಾ ವಿಭಾಗಗಳು ಐದು ಆಚರಣೆಗಳನ್ನು ತಪ್ಪದೆ ನಡೆಸಲು ಹೊರಟವು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವ ಮೊದಲು ಕೈ ತೊಳೆಯುವುದು, ಮೈಮುಸುಕು ಧರಿಸಿ ರೋಗಿಯ ಮೈಗೂ ಶುದ್ಧವಸ್ತ್ರ ಹೊದಿಸುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ಶುಚಿಮಾಡುವುದು, ಸಾಧ್ಯವಿದ್ದಷ್ಟು ತೊಡೆಸಂದಿಯ ನಾಳವನ್ನು ಬಿಡುವುದು, ಅನಾವಶ್ಯಕವಾದ ನಳಿಕೆಯನ್ನು ಕೂಡಲೆ ತೆಗೆಯುವುದು, ಇಷ್ಟೇ. ಇದರಲ್ಲಿ ವೈದ್ಯರಿಗೆ ತಿಳಿಯದುದು ಯಾವುದಿತ್ತು? ಆದರೂ 2006ರಲ್ಲಿ ಪ್ರಕಟವಾದ ವರದಿಯಂತೆ, ನಳಿಕೆಯಿದ್ದ ಪ್ರತಿ 1000 ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು 18 ತಿಂಗಳೊಳಗಾಗಿ 1.4ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ತಿಳಿದುದನ್ನು ಪ್ರತಿಸಲವೂ ಮಾಡಿದರು, ಮಾಡಿದುದನ್ನು ಎಣಿಸಿದರು. ಇಂಥ ಕಾರ್ಯವು ಸನದಿಗೆ ಆಧಾರವಾಗದಿದ್ದರೆ ಮತ್ತಾವುದು ಆಗಬೇಕು?

ಆದರೆ ಸದುದ್ದೇಶವು ಕಾಗದದ ರಾಶಿಯಲ್ಲಿ ಹೂತುಹೋಗುವುದು ಲೋಕದಲ್ಲಿ ಅಪರೂಪವಲ್ಲ. ವೈದ್ಯರು ಹಳೆಯ ದಾಖಲೆಗಳನ್ನು ಕೆದಕಿ ನಮೂನೆಗಳನ್ನು ತುಂಬಬೇಕಾಯಿತು, ಶುಲ್ಕವನ್ನೂ ತೆರಬೇಕಾಯಿತು. ರೋಗಿಗೆ ಇದರಿಂದ ಆದ ಲಾಭವೇನೆಂದು ಅವರು ಕೇಳಿದ ಪ್ರಶ್ನೆಯು ನ್ಯಾಯವಾದುದೇ ಆಗಿತ್ತು. ಅಸಮಾಧಾನವು ಉಲ್ಬಣಿಸಲಾಗಿ ಆಂತರಿಕ ವೈದ್ಯಶಾಸ್ತ್ರದ ಮಂಡಲಿಯು 2015ರ ಫೆಬ್ರುವರಿಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಈ ಅಂಗದ ಕಡ್ಡಾಯವನ್ನು ತಡೆಹಿಡಿಯಿತು. ಸನದಿನ ನವೀಕರಣವೇ ಬೇಡವೆನ್ನುವವರೂ ಇದ್ದಾರೆ. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವ ಈ ಉಪಾಯಕ್ಕೆ ನಮ್ಮ ಸಮ್ಮತಿಯಿಲ್ಲ.

ಇದಕ್ಕೆ ಪರಿಹಾರಮಾರ್ಗವೂ ಅಲ್ಲಿಯೇ ಹುಟ್ಟಿದೆ. ಒಕ್ಕೂಟದ ಒಂದು ಯೋಜನೆಯ ಮೇರೆಗೆ, ಮಾನ್ಯತೆ ಪಡೆದ ಆಸ್ಪತ್ರೆಯು ತಾನೇ ನಡೆಸುವ ಗುಣವರ್ಧನ ಕಾರ್ಯದಲ್ಲಿ ವೈದ್ಯನು ನಿಜವಾಗಿ ಭಾಗವಹಿಸಿದರೆ ಅದು ಅವನ ಮಂಡಲಿಯ ಲೆಕ್ಕಕ್ಕೂ ಸೇರುತ್ತದೆ. ಸನದಿಗಾಗಿ ಬೇರೊಂದು ನಾಟಕವನ್ನು ಆಡಬೇಕಾಗಿಲ್ಲ. ಈ ಮಾರ್ಗವು ಉಚಿತವಾದುದು. ಆದರೆ ಮೂರು ನಿಯಮಗಳಿಲ್ಲದೆ ಅದೂ ಕೆಡುವುದು. ಕಾರ್ಯಕ್ಕೆ ಮೊದಲೂ ಅನಂತರವೂ ಅಳತೆ ನಡೆಯಬೇಕು. ಪ್ರಯತ್ನವು ಪ್ರಾಮಾಣಿಕವಾಗಿದ್ದು ಫಲ ದೊರೆಯದಿದ್ದರೆ ಅದಕ್ಕಾಗಿ ವೈದ್ಯನನ್ನು ದಂಡಿಸಲಾಗದು. ದಂಡನೆಯ ಭಯವಿದ್ದಲ್ಲಿ ಅಂಕಿಗಳು ಸುಳ್ಳಾಡುತ್ತವೆ. ಮತ್ತು ದೊಡ್ಡ ಆಸ್ಪತ್ರೆಯ ಆಸರೆಯಿಲ್ಲದೆ ಒಂಟಿಯಾಗಿ ಸೇವೆ ಮಾಡುವ ವೈದ್ಯನಿಗೂ ಇದರಲ್ಲಿ ಸ್ಥಾನ ದೊರೆಯಬೇಕು.

ಈ ಚರ್ಚೆಯಿಂದ ನಮ್ಮ ದೇಶವು ಕಲಿಯಬೇಕಾದುದು ಬಹಳವಿದೆ. ವೈದ್ಯರು ಐದು ವರ್ಷಗಳಿಗೊಮ್ಮೆ 30 ಗಂಟೆಗಳಾದರೂ ಮುಂದುವರಿದ ಶಿಕ್ಷಣ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯು ಹೇಳಿತು. ಉದ್ದೇಶವು ಒಳ್ಳೆಯದೇ. ಆದರೆ ಸಭಾಗೃಹದಲ್ಲಿ ಕುಳಿತ ಗಂಟೆಗಳನ್ನು ಎಣಿಸುವುದು ಸುಲಭ, ಹಾಸಿಗೆಯ ಮೇಲಿರುವ ರೋಗಿಗೆ ಅದರಿಂದಾದ ಸುಖವನ್ನು ಎಣಿಸುವುದು ಕಷ್ಟ. ಶಸ್ತ್ರಚಿಕಿತ್ಸೆಯಾದ ಎಷ್ಟು ಬಾಣಂತಿಯರ ಗಾಯ ಕೀವಾಯಿತು, ಮೂರು ತಿಂಗಳ ಪ್ರಯತ್ನದ ಮೇಲೆ ಅದೆಷ್ಟು ಕಡಿಮೆಯಾಯಿತು ಎಂದು ತಾಲೂಕಿನ ಆಸ್ಪತ್ರೆಯೊಂದು ಪ್ರಾಮಾಣಿಕವಾಗಿ ಬರೆದಿಟ್ಟರೆ, ಆ ಒಂದು ಹಾಳೆಯು ಹತ್ತು ಉಪನ್ಯಾಸಗಳ ಹಾಜರಿಪತ್ರಕ್ಕಿಂತ ಬೆಲೆಯುಳ್ಳದ್ದು. ಅಂಥ ಕಾರ್ಯವನ್ನು ಶಿಕ್ಷಣದ ಗಂಟೆಗಳಿಗೆ ಸಮನಾಗಿ ಎಣಿಸಲು ನಮ್ಮ ವೈದ್ಯಕೀಯ ಪರಿಷತ್ತುಗಳು ಹಿಂಜರಿಯಬಾರದು.

ಸನದನ್ನು ಮಂಡಲಿಯು ಕೊಡಬಹುದು. ಅದರ ಮಾನವನ್ನು ಕಾಯಬೇಕಾದವನು ವೈದ್ಯನೇ. ಅಮೇರಿಕದ ಮಂಡಲಿಗಳು ಕಾಗದದ ಹೊರೆಯನ್ನು ಇಳಿಸಲಿ, ಆದರೆ ಅಳತೆಗೋಲನ್ನು ಕೈಬಿಡದಿರಲಿ. ನಮ್ಮವರು ಆ ಅಳತೆಗೋಲನ್ನು ಇನ್ನಾದರೂ ಕೈಗೆತ್ತಿಕೊಳ್ಳಲಿ.