ಕ್ಯಾಂಪಸ್‌ನ ಕಸ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ?

2019ರ ಆಗಸ್ಟ್ ತಿಂಗಳ ಭಾರೀ ಮಳೆಗೆ ಮಂಗಳೂರಿನ ಪಚ್ಚನಾಡಿ ಡಂಪಿಂಗ್ ಯಾರ್ಡ್‌ನ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಪ್ರದೇಶದ ಮೇಲೆ ಬಂತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ಎರಡು ಡಜನ್‌ನಷ್ಟು ಕುಟುಂಬಗಳು ಹುಟ್ಟಿ ಬೆಳೆದ ಮನೆ ಬಿಟ್ಟು ಕುಲಶೇಖರದ ಫ್ಲಾಟುಗಳಿಗೆ ಹೋಗಬೇಕಾಯಿತು. ಆ ಗುಡ್ಡವನ್ನು ಬೆಳೆಸಿದವರು ಹೊರಗಿನವರಲ್ಲ. ನಗರದ ಮನೆ, ಹೋಟೆಲು, ಸಭಾಭವನಗಳ ಜತೆಗೆ ಕಾಲೇಜು, ಹಾಸ್ಟೆಲುಗಳ ಕಸವೂ ಅಲ್ಲಿಗೇ ಹೋದದ್ದು.

ಪಚ್ಚನಾಡಿಯ ಪಕ್ಕದಲ್ಲೇ ವಾಮಂಜೂರು. ನಮ್ಮ ಧರ್ಮಪ್ರಾಂತ್ಯವು 2002ರಲ್ಲಿ ಆರಂಭಿಸಿದ ಸಂತ ಜೋಸೆಫ್ ಇಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿ. ನಗರದೊಳಗೆ, 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಸಂಸ್ಥೆ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯವಾಯಿತು. ಹೀಗಿರುವಾಗ ವಿಶ್ವವಿದ್ಯಾನಿಲಯಗಳ ಪರಿಸರ ಜವಾಬ್ದಾರಿ ಎಂಬುದು ನಮ್ಮ ಮಟ್ಟಿಗೆ ಪತ್ರಿಕೆಯಲ್ಲಿ ಓದಿ ಬಿಡುವ ವಿಷಯವಲ್ಲ, ನಮ್ಮ ಮನೆಯ ವಿಷಯ.

ಕರಾವಳಿಯ ಕಾಲೇಜುಗಳಲ್ಲಿ ಪರಿಸರದ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಜೂನ್ 5ರಂದು ಗಿಡ ನೆಡುತ್ತಾರೆ, ಜಾಥಾ ಮಾಡುತ್ತಾರೆ, ಹಸಿರು-ನೀಲಿ ಬುಟ್ಟಿಗಳನ್ನು ಇಡುತ್ತಾರೆ. ನ್ಯಾಕ್ ಮೌಲ್ಯಮಾಪನದ ಏಳನೆಯ ಮಾನದಂಡದಲ್ಲಿ ತ್ಯಾಜ್ಯ ನಿರ್ವಹಣೆಯೂ ಸೇರಿದ ಮೇಲೆ ಬುಟ್ಟಿಗಳ ಫೋಟೊ ವರದಿಗೂ ಬೇಕಾಯಿತು. (ಅದೇ ಸಮಾರಂಭದಲ್ಲಿ ಅತಿಥಿಗಳಿಗೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ಕೊಡುವ ಕ್ರಮ ಮಾತ್ರ ಇನ್ನೂ ಅನೇಕ ಕಡೆ ನಿಂತಿಲ್ಲ.) ಆದರೆ ಬುಟ್ಟಿ ಎರಡಿದ್ದರೂ ಸಂಜೆ ಒಂದೇ ಗಾಡಿಗೆ ಸುರಿದರೆ ಏನು ಫಲ? ಬುಟ್ಟಿಗಳನ್ನು ಎಣಿಸುವುದಕ್ಕಿಂತ, ಬೆರಕೆ ಕಸ ಗೇಟು ದಾಟಿ ಎಷ್ಟು ಕಿಲೋ ಹೋಯಿತು ಎಂದು ತೂಗುವುದು ಹೆಚ್ಚು ಪ್ರಾಮಾಣಿಕ ಲೆಕ್ಕ.

ಇಲ್ಲಿ ಒಂದು ಸರಳ ಸಂಗತಿ ಅರ್ಥವಾಗಬೇಕು. ಮರುಬಳಕೆ ಕೆಡುವುದು ಪ್ಲಾಸ್ಟಿಕ್‌ನಿಂದಲ್ಲ, ಸಾಂಬಾರಿನಿಂದ. ಬಿಳಿ ಕಾಗದ, ರಟ್ಟು, ನೀರಿನ ಬಾಟಲಿ, ತಗಡಿನ ಡಬ್ಬಗಳನ್ನು ಗುಜರಿಯವರು ಹಣ ಕೊಟ್ಟೇ ಒಯ್ಯುತ್ತಾರೆ. ಅದಕ್ಕೆ ಹಾಸ್ಟೆಲ್ ಮೆಸ್ಸಿನ ಉಳಿದ ಅನ್ನ, ಮೀನಿನ ಮುಳ್ಳು, ಸಾರು ಬೆರೆತರೆ ಯಾರೂ ಮುಟ್ಟುವುದಿಲ್ಲ. ಚಿಪ್ಸ್, ಬಿಸ್ಕೆಟ್ ಪೊಟ್ಟಣಗಳಂತೂ ಹಲವು ಪದರಗಳವು, ಗುಜರಿಯಲ್ಲಿ ಬೆಲೆಯಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಉರುವಲಾಗಿ ಹೋಗಬಹುದು. ಚಹಾದ ಪೇಪರ್ ಕಪ್ಪು ಹೆಸರಿಗೆ ಮಾತ್ರ ಕಾಗದ, ಒಳಗೆ ಪ್ಲಾಸ್ಟಿಕ್ ಲೇಪನವಿದೆ. ಆದ್ದರಿಂದ ಕ್ಯಾಂಟೀನಿನಲ್ಲಿ ಸ್ಟೀಲ್ ಲೋಟ ತಂದು, ಅದನ್ನು ತೊಳೆಯುವ ಜನರಿಗೆ ಸಂಬಳ ಕೊಡುವುದು ಹತ್ತು ಬುಟ್ಟಿಗಳಿಗಿಂತ ಮೇಲು.

ಹಸಿಕಸವನ್ನು ಆವರಣದೊಳಗೇ ಮುಗಿಸಬೇಕು ಎಂಬುದು ಹೊಸ ಮಾತೇನಲ್ಲ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಸಂಸ್ಥೆಗಳನ್ನು ಕೇಂದ್ರದ 2016ರ ಘನತ್ಯಾಜ್ಯ ನಿಯಮಗಳು ಬೇರೆಯಾಗಿಯೇ ಗುರುತಿಸಿದ್ದವು. ಆ ಪಟ್ಟಿಯಲ್ಲಿ ಕಾಲೇಜು, ವಿಶ್ವವಿದ್ಯಾನಿಲಯ, ಹಾಸ್ಟೆಲ್‌ಗಳೊಂದಿಗೆ ಪ್ರಾರ್ಥನಾಲಯಗಳೂ ಇದ್ದವು! 2026ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮಗಳು ಕಸವನ್ನು ಹಸಿ, ಒಣ, ಸ್ಯಾನಿಟರಿ, ವಿಶೇಷ ಕಾಳಜಿಯ ಕಸ ಎಂದು ನಾಲ್ಕಾಗಿ ಬೇರ್ಪಡಿಸಲು ಹೇಳುತ್ತವೆ. ನಮ್ಮ ಊರಿನ ಕಷ್ಟವೆಂದರೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೊಬ್ಬರದ ಗುಂಡಿಗೆ ನೀರು ತುಂಬಿ ವಾಸನೆ ಬರುತ್ತದೆ, ಹುಳ ಆಗುತ್ತದೆ, ಒಂದು ತಿಂಗಳಲ್ಲಿ ಎಲ್ಲರೂ ಕೈಬಿಡುತ್ತಾರೆ. ಮೇಲೆ ಶೀಟು ಹಾಕಿಸಿ, ಬೇಸಿಗೆಯಲ್ಲೇ ತರಗೆಲೆ, ತೆಂಗಿನ ನಾರಿನ ಪುಡಿ ಗೋಣಿಯಲ್ಲಿ ತುಂಬಿಸಿಟ್ಟು ಹಸಿಕಸದ ಜತೆ ಬೆರೆಸಿದರೆ ಈ ತೊಂದರೆ ಬಹಳ ಕಡಿಮೆ. ನಮ್ಮ ಕ್ಯಾಂಪಸ್‌ಗಳಲ್ಲಿ ತರಗೆಲೆಗೇನು ಬರವೇ? ಅದನ್ನು ಗುಡಿಸಿ ಬೆಂಕಿ ಹಾಕುವುದನ್ನು ನಿಲ್ಲಿಸಬೇಕಷ್ಟೆ.

ಪೋಪ್ ಫ್ರಾನ್ಸಿಸ್ ಅವರ 2015ರ ವಿಶ್ವಪತ್ರ 'ಲೌದಾತೊ ಸಿ' ಕಸ ಬೇರ್ಪಡಿಸುವುದು, ತಿನ್ನುವಷ್ಟೇ ಬೇಯಿಸುವುದು ಮುಂತಾದ ಸಣ್ಣ ಕೆಲಸಗಳನ್ನೂ ಹೆಸರಿಸಿ ಹೇಳಿದೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆನ್ನುತ್ತದೆ. ಕ್ಯಾಂಪಸ್‌ನಲ್ಲಿ ಇದರ ಅರ್ಥವೇನು? ನಾವು ಬೆರೆಸಿ ಎಸೆದದ್ದನ್ನು ಮತ್ತೆ ಬೇರ್ಪಡಿಸುವವರು ಪೌರಕಾರ್ಮಿಕರು, ಕಸ ಹೆಕ್ಕುವವರು, ಅದೂ ಹೆಚ್ಚಾಗಿ ಬರಿಗೈಯಲ್ಲಿ. ಒಡೆದ ಗಾಜು, ಹಾಸ್ಟೆಲಿನ ಸ್ಯಾನಿಟರಿ ಪ್ಯಾಡು, ಪ್ರಯೋಗಾಲಯದ ಸೂಜಿ ಅವರ ಕೈಗೆ ಸಿಗುತ್ತದೆ. ನಾಲ್ಕು ವರ್ಷ ನೈತಿಕ ಶಿಕ್ಷಣ ಪಡೆದ ವಿದ್ಯಾರ್ಥಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಬೇರೆ ಇಡಲು ಕಲಿಯದಿದ್ದರೆ ಆ ಪಾಠ ಎಲ್ಲಿಗೆ ಮುಟ್ಟಿತು?

ಇನ್ನು ನಮ್ಮ ಚರ್ಚ್‌ಗಳ ವಿಷಯ. ಕಾಲೇಜಿನಲ್ಲಿ ಕಸ ಬೇರ್ಪಡಿಸಲು ಕಲಿತ ಐಸಿವೈಎಂ ಯುವಕ ಭಾನುವಾರ ಊರಿನ ಹಬ್ಬದಲ್ಲಿ ಬಡಿಸಲು ನಿಂತಾಗ ಕಾಣುವುದು ಸಣ್ಣ ನೀರಿನ ಬಾಟಲಿಗಳ ರಾಶಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್‌ಗಳಿಗೆ 2016ರ ಮಾರ್ಚ್‌ನಲ್ಲೇ ನಿಷೇಧ ಬಂದಿದ್ದರೂ ಫ್ಲೆಕ್ಸ್ ಇಲ್ಲದ ವಾರ್ಷಿಕ ಹಬ್ಬ ಎಷ್ಟಿವೆ? ಕ್ಯಾಂಪಸ್ ಮತ್ತು ಚರ್ಚ್ ಎರಡೂ ಒಂದೇ ಪಾಠ ಹೇಳದಿದ್ದರೆ ಮಕ್ಕಳು ಎರಡನ್ನೂ ನಂಬುವುದಿಲ್ಲ.

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಧರ್ಮಸಭೆ ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಅದರೊಳಗೇ ಬರುತ್ತದೆ. ಹೊಸ ತೆನೆ, ಬಾಳೆಲೆಯ ಊಟ. ಆ ಎಲೆ ತೆಂಗಿನ ಬುಡಕ್ಕೆ ಹೋದರೆ ಗೊಬ್ಬರ. ಈ ಅವಧಿಯಲ್ಲಿ ಕಾಲೇಜುಗಳ ಆಡಳಿತ ಮಂಡಳಿಯಲ್ಲಿರುವ ಗುರುಗಳು, ಧರ್ಮಭಗಿನಿಯರು, ಹಳೆ ವಿದ್ಯಾರ್ಥಿ ಸಂಘದವರು, ಪೋಷಕರು ಪ್ರಾಂಶುಪಾಲರಲ್ಲಿ ಕೇಳಬಹುದಾದ ಪ್ರಶ್ನೆಗಳು ಮೂರು: ಕಳೆದ ತಿಂಗಳು ಗೇಟಿನಿಂದ ಹೊರಹೋದ ಬೆರಕೆ ಕಸ ಎಷ್ಟು ಕಿಲೋ, ಅದನ್ನು ಒಯ್ದವರು ಯಾರು, ಅವರಿಗೆ ಕೈಗವಸು ಕೊಟ್ಟಿದ್ದೀರಾ?