ಒಂದು ಗಂಟೆಯ ದಾರಿ ಯಾರದು?

“ಹೈದರಾಬಾದೇನು ಪರದೇಶವೇ? ವಿಮಾನ ಹತ್ತಿದರೆ ಒಂದು ಗಂಟೆ!” ಬೆಂಗಳೂರಿನ ನೆಂಟರು ಹೀಗೆನ್ನುತ್ತಾರೆ. ಬಾಲಾನಗರದಲ್ಲಿ ಮನೆ ಮಾಡಿಕೊಂಡಿರುವ ನಾವೂ ತಲೆಯಾಡಿಸುತ್ತೇವೆ. ಈ ಮಾತು ಅರ್ಧ ಸುಳ್ಳು, ಅದರಿಂದ ಆಗುವ ಹಾನಿ ಮಾತ್ರ ಪೂರ್ತಿ ನಿಜ ಎಂಬುದು ನನ್ನ ವಾದ.

ಲೆಕ್ಕ ನೋಡೋಣ. ಶಂಷಾಬಾದಿನಿಂದ ದೇವನಹಳ್ಳಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 455 ಕಿಲೋಮೀಟರು. ವೇಳಾಪಟ್ಟಿಯಲ್ಲಿ ಕಾಣುವ ಒಂದೂಕಾಲು ಗಂಟೆ, ವಿಮಾನ ಇಲ್ಲಿ ತಾನು ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು. ಅದು ವಿಮಾನದ ಲೆಕ್ಕ. ನಮ್ಮ ಲೆಕ್ಕ ಬೇರೆ. ಬಾಲಾನಗರದಿಂದ ಶಂಷಾಬಾದಿಗೆ ಒಂದೂವರೆ ಗಂಟೆ. ತಪಾಸಣೆಗೆಂದು ಎರಡು ಗಂಟೆ ಮುಂಚೆ ಹಾಜರಿ. ಇಳಿದ ಮೇಲೆ ಸಾಮಾನಿಗಾಗಿ ಅರ್ಧ ಗಂಟೆ. ದೇವನಹಳ್ಳಿಯಿಂದ ಬಸವನಗುಡಿಗೆ ಎರಡು ಗಂಟೆ. ಒಟ್ಟು ಏಳೂಕಾಲು! 2023ರಲ್ಲಿ ಆರಂಭವಾದ ವಂದೇ ಭಾರತ್ ರೈಲು ಕಾಚಿಗೂಡದಿಂದ ಯಶವಂತಪುರಕ್ಕೆ ಸುಮಾರು ಎಂಟೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ.

ಇನ್ನೊಂದು ವಿನೋದ ಕೇಳಿ. ಹಿಂದೆ ಬೇಗಂಪೇಟೆ ನಿಲ್ದಾಣ ನಮ್ಮ ನೆರೆಯಲ್ಲೇ ಇತ್ತು, ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣ ಊರೊಳಗೇ ಇತ್ತು. 2008ರ ಮಾರ್ಚಿಯಲ್ಲಿ ಶಂಷಾಬಾದ್, ಮೇ ತಿಂಗಳಲ್ಲಿ ದೇವನಹಳ್ಳಿ ತೆರೆದವು. ಹಳೆಯವೆರಡೂ ಜನಸಾಮಾನ್ಯರ ವಿಮಾನಗಳಿಗೆ ಬಾಗಿಲು ಮುಚ್ಚಿದವು. ಶಂಷಾಬಾದ್ ದಕ್ಷಿಣಕ್ಕೆ, ದೇವನಹಳ್ಳಿ ಉತ್ತರಕ್ಕೆ ಇರುವುದರಿಂದ ಆಕಾಶದ ದೂರ ಸುಮಾರು 50 ಕಿಲೋಮೀಟರು ಕಡಿಮೆಯಾಯಿತು. ನಮ್ಮ ದಾರಿ ಮಾತ್ರ ಬೆಳೆಯಿತು. ವಿಮಾನಕ್ಕೆ ಹತ್ತಿರವಾದ ಊರು ಮನುಷ್ಯನಿಗೆ ದೂರವಾಯಿತು.

ಹೋಗಲಿ, ಎರಡು ಮೂರು ಗಂಟೆಗಾಗಿ ಇಷ್ಟು ಜಗಳವೇಕೆ ಎಂದೀರಿ. ಜಗಳ ಗಂಟೆಯದಲ್ಲ. ದಾರಿ ದೂರವೆಂದು ತಿಳಿದಿದ್ದ ನಮ್ಮ ಹಿರಿಯರು ತಿಂಗಳ ಮುಂಚೆಯೇ ರೈಲಿನ ಟಿಕೆಟ್ ತೆಗೆಸಿ, ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಬೇಸಿಗೆ ರಜೆಯೆಲ್ಲ ಮಕ್ಕಳು ಅಜ್ಜಿಯ ಮನೆಯಲ್ಲೇ. ಹತ್ತಿರವೆಂದು ನಂಬಿದ ನಾವು “ಮುಂದಿನ ವಾರ ಹೋದರಾಯಿತು” ಎನ್ನುತ್ತೇವೆ.

ನಾನೂ ಹಾಗೆಯೇ ಅಂದವನು. ಬಸವನಗುಡಿಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು. ಒಂದು ಗಂಟೆಯ ದಾರಿ ತಾನೇ ಎಂದು ನಾಲ್ಕು ಶನಿವಾರ ಮುಂದೂಡಿದೆ. ಐದನೆಯ ವಾರ ಬೆಳಗಿನ ಆರಕ್ಕೆ ಅಣ್ಣನ ಫೋನು ಬಂತು, “ಬೇಗ ಬಾ”. ಸಿಕ್ಕಿದ ಮೊದಲ ವಿಮಾನಕ್ಕೆ ಹೊರಟರೂ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಮನೆಯವರು ನನಗಾಗಿ ಕಾದಿದ್ದರು. ಅಪ್ಪ ಹನ್ನೊಂದಕ್ಕೇ ಹೋಗಿಬಿಟ್ಟಿದ್ದರು. ತಡ ಮಾಡಿದ್ದು ವಿಮಾನವಲ್ಲ, ನಾನು.

ಬಂಧುಗಳೇ, ಇನ್ನು ಮೇಲಾದರೂ ಹೊಸ್ತಿಲಿನಿಂದ ಹೊಸ್ತಿಲಿಗೆ ಲೆಕ್ಕ ಹಾಕಿ. ಊರು ದೂರವೆಂದೇ ಒಪ್ಪಿಕೊಳ್ಳಿ, ಫೋನು ಬರುವ ಮುಂಚೆಯೇ ಹೊರಡಿ. “ಒಂದೇ ಗಂಟೆ” ಎನ್ನುವ ನೆಂಟರು ಸಿಕ್ಕರೆ ನಯವಾಗಿ ಕೇಳಿ: “ಹಾಗಾದರೆ ನಮ್ಮ ಮನೆಗೆ ನೀವು ಬಂದು ಎಷ್ಟು ವರ್ಷವಾಯಿತು?”