ಹಿಂಸಿಸಿದವನ ಕೈಗೇ ಮತ್ತೆ ಹಗ್ಗವೇ?

ಮೂಡಲಗಿಯ ದನದ ಸಂತೆಯಲ್ಲಿ ಎತ್ತು ಕೊಳ್ಳಲು ಬಂದವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸಿ ನೊಗದ ಹುಣ್ಣು ಇದೆಯೇ ಎಂದು ತಡವುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊನ ಹುಡುಕುತ್ತಾನೆ. ಆಮೇಲೆ ದಲಾಲಿಯ ಜೊತೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರದ ಮಾತು. ಕೊಳ್ಳುವವನು ಹಿಂದಿನ ಜೋಡಿಯನ್ನು ಹೇಗೆ ನೋಡಿಕೊಂಡಿದ್ದ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಸಂತೆ ಕೇಳದಿದ್ದರೆ ಬೇಡ, ಕಾನೂನಾದರೂ ಕೇಳಬೇಕಲ್ಲ?

ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದ ಮೇಲೆ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರ 11ನೇ ಕಲಮಿನಂತೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ ದಂಡ, ಮೂರು ತಿಂಗಳವರೆಗಿನ ಜೈಲು, ಅಥವಾ ಎರಡೂ. ಲಕ್ಷಗಟ್ಟಲೆ ಸುರಿದು ಖಿಲಾರಿ ತಳಿಯ ಜೋಡಿ ತಂದು ಓಟದ ಶರ್ಯತ್ತಿಗೆ ಇಳಿಸುವವನು ಈ ದಂಡಕ್ಕೆ ಅಂಜುವುದಿಲ್ಲ. ಐವತ್ತು ರೂಪಾಯಿ ಕಟ್ಟಿ, ಚರ್ಮ ಕಿತ್ತ ಅದೇ ಎತ್ತನ್ನು ಅದೇ ಹಗ್ಗ ಹಿಡಿದು ಮನೆಗೆ ಹೊಡೆದುಕೊಂಡು ಹೋಗುತ್ತಾನೆ.

ಇದಕ್ಕೆ ಮದ್ದು ಅದೇ ಕಾಯ್ದೆಯಲ್ಲಿದೆ. 29ನೇ ಕಲಮಿನಂತೆ ನ್ಯಾಯಾಲಯ ಆ ಪ್ರಾಣಿಯನ್ನು ಸರ್ಕಾರದ ವಶಕ್ಕೆ ಕೊಡಿಸಬಹುದು. ಅಪರಾಧಿ ಇಷ್ಟು ಕಾಲ, ಇಲ್ಲವೇ ಬದುಕಿರುವವರೆಗೂ, ಪ್ರಾಣಿಯನ್ನು ಇಟ್ಟುಕೊಳ್ಳಬಾರದೆಂದೂ ಆದೇಶಿಸಬಹುದು. ಆದರೆ ಈ ಎರಡನೆಯ ಆದೇಶಕ್ಕೆ ಮೂರು ಷರತ್ತು ಹಾಕಿದ್ದಾರೆ. ಪ್ರಾಣಿ ಅವನ ಕೈಯಲ್ಲಿ ಮತ್ತೆ ಹಿಂಸೆಗೆ ಒಳಗಾಗಬಹುದೆಂಬುದಕ್ಕೆ ಸಾಕ್ಷ್ಯ ಬೇಕು, ಇದು ನ್ಯಾಯವೇ. ಇಂಥ ಆದೇಶ ಕೇಳುತ್ತೇವೆಂದು ದೂರಿನಲ್ಲೇ ಬರೆದಿರಬೇಕು, ಇದನ್ನೂ ಒಪ್ಪೋಣ. ಮೂರನೆಯದು ಮಾತ್ರ ಇಡೀ ಕಲಮನ್ನೇ ಕೊಲ್ಲುತ್ತದೆ: ಅಂಥ ಪ್ರಾಣಿ ಸಾಕಲು ಲೈಸೆನ್ಸ್ ಕಡ್ಡಾಯವಿರುವ ಪ್ರದೇಶದಲ್ಲೇ ಅಪರಾಧ ನಡೆದಿರಬೇಕು. ಗೋಕಾಕ, ಹುಕ್ಕೇರಿಯ ಹಳ್ಳಿಯಲ್ಲಿ ಕೊಟ್ಟಿಗೆಗೆ ಎತ್ತು ತರುವವರು ಯಾವ ಲೈಸೆನ್ಸ್ ತೆಗೆಸುತ್ತಾರೆ? ಎತ್ತುಗಳು ಹೆಚ್ಚಿರುವ ಕಡೆಯೇ ಅವುಗಳ ರಕ್ಷಣೆಯ ಕಲಮು ನಡೆಯದು.

ಬಡ ರೈತನ ಎತ್ತು ಕಿತ್ತುಕೊಂಡರೆ ಅವನ ಒಕ್ಕಲುತನ ನಿಂತೀತು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಬಡತನದಿಂದ ಮೇವು ಕಡಿಮೆಯಾಗುವುದು ಬೇರೆ, ಮೊಳೆ ಬಡಿದ ಕೋಲಿನಿಂದ ತಿವಿಯುವುದು ಬೇರೆ. ಆದೇಶವನ್ನು ಒಂದೇ ಜಾತಿಯ ಪ್ರಾಣಿಗೆ, ಒಂದೆರಡು ವರ್ಷಕ್ಕೆ ಸೀಮಿತಗೊಳಿಸಬಹುದು. ಮುಂದೆ ನ್ಯಾಯಾಲಯವೇ ಅದನ್ನು ಹಿಂಪಡೆಯಲೂಬಹುದು. ಎತ್ತುಗಳನ್ನು ತಮ್ಮನ ಹೆಸರಿಗೆ ಮಾಡಿ ತಾನೇ ಹೊಡೆಯುತ್ತಾನೆ ಎನ್ನುವವರಿಗೆ ಬ್ರಿಟನ್ನಿನ 2006ರ ಕಾಯ್ದೆ ದಾರಿ ತೋರಿಸುತ್ತದೆ. ಅಲ್ಲಿ ನಿಷೇಧ ಒಡೆತನಕ್ಕಷ್ಟೇ ಅಲ್ಲ, ಸಾಕುವುದಕ್ಕೂ, ಬೇರೆಯವರ ಮರೆಯಲ್ಲಿ ಹಿಡಿತ ಇಟ್ಟುಕೊಳ್ಳುವುದಕ್ಕೂ ತಗಲುತ್ತದೆ.

ಕರ್ನಾಟಕವು 2017ರಲ್ಲಿ ನಮ್ಮ 1960ರ ಕಾಯ್ದೆಯನ್ನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಟ ಇರಲಿ ಎನ್ನುವವರೇ ಈಗ 29ನೇ ಕಲಮಿಗಾಗಿ ದನಿ ಎತ್ತಬೇಕು. ಒಬ್ಬ ಕಟುಕನ ತಪ್ಪಿಗೆ ಊರಿನ ಜಾತ್ರೆಯ ಓಟವನ್ನೆಲ್ಲ ನಿಲ್ಲಿಸದೆ, ಆ ಒಬ್ಬನನ್ನೇ ಎತ್ತಿನಿಂದ ದೂರ ಇಡುವುದು ಇದರಿಂದ ಸಾಧ್ಯ. ಪ್ರಾಣಿ ಹಿಂಸೆ ತಡೆ ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. ಓಟಕ್ಕಾಗಿ ಕಾಯ್ದೆ ತಿದ್ದಿದ ವಿಧಾನಮಂಡಲವು ಓಡುವ ಎತ್ತುಗಳಿಗಾಗಿ ಆ ಲೈಸೆನ್ಸಿನ ಷರತ್ತನ್ನು ತೆಗೆದುಹಾಕಲಿ.